ಕಲೆ ಕಳೆದವರ ಕಥೆ

‘ಕಲೆ’ ಎಂಬ ಎರಡಕ್ಷರದ ಮಾತು ನಮ್ಮ ಮಕ್ಕಳಿಗೆ ಬಲು ತಮಾಷೆಯಾಗಿ ಕಾಣುತ್ತದೆ. ಸಂಗೀತ, ಚಿತ್ರ, ಶಿಲ್ಪಗಳೂ ಕಲೆ. ಊಟದ ಹೊತ್ತಿಗೆ ಅಂಗಿಯ ಮೇಲೆ ಚೆಲ್ಲಿದ ಸಾರಿನ ಗುರುತೂ ಕಲೆ. ಒಂದನ್ನು ಕಲಿಯಬೇಕು, ಇನ್ನೊಂದನ್ನು ಕಳೆಯಬೇಕು. ಹಳಗನ್ನಡದವರಿಗೆ ಈ ತೊಡಕು ಅಷ್ಟಾಗಿ ಇರಲಿಲ್ಲ. ಬಟ್ಟೆಗೆ ಅಂಟುವ ಕಪ್ಪಿಗೆ ಅವರಲ್ಲಿ ‘ಕಱೆ’ ಎಂಬ ಮಾತಿತ್ತು. ಶಕಟರೇಫವೆಂಬ ಆ ಅಕ್ಷರ ನಮ್ಮ ವರ್ಣಮಾಲೆಯಿಂದ ಎಂದೋ ಮರೆಯಾಯಿತು. ಕಱೆ ಮಾತ್ರ ಮರೆಯಾಗಲಿಲ್ಲ. ಕರಾವಳಿಯ ಮನೆಗಳಲ್ಲಿ ಬಾಳೆಕಾಯಿ ಹೆಚ್ಚಿದ ಹೆಂಗಸು ಇಂದಿಗೂ ‘ಸೆರಗಿಗೆ ಕರೆ ತಾಗಿತು’ ಎಂದೇ ಪೇಚಾಡುತ್ತಾಳೆ. ಅಕ್ಷರ ಅಳಿದರೂ ಕಲೆ ಉಳಿಯಿತು ಎನ್ನಬೇಕು.

ಬಟ್ಟೆಯ ಕಲೆಯನ್ನು ಕುರಿತು ಒಂದು ಇತಿಹಾಸವೆ ಎಂದು ಕೆಲವರು ನಗಬಹುದು. ರಾಜರ ಗೆಲವು ಸೋಲುಗಳನ್ನು ಮೂವತ್ತು ವರ್ಷ ಪಾಠ ಹೇಳಿದ ನನಗೂ ಮೊದಲು ಹಾಗೆಯೇ ತೋರುತ್ತಿತ್ತು. ಆ ನಗೆಯನ್ನು ಬಿಡಿಸಿದವನು ಒಬ್ಬ ಎಂಟನೆಯ ತರಗತಿಯ ಹುಡುಗ. ಅವನ ಹೆಸರು ಇಲ್ಲಿ ಬೇಡ, ಊರೂ ಬೇಡ. ನಾನು ಆಗ ತಾನೆ ಕೆಲಸಕ್ಕೆ ಸೇರಿದ್ದೆ. ಶನಿವಾರ ಬೆಳಗ್ಗೆ ಕವಾಯತಿನ ದಿನ. ಬಿಳಿಯ ಅಂಗಿ, ಬಿಳಿಯ ಕ್ಯಾನ್ವಾಸ್ ಷೂ ಕಡ್ಡಾಯ. ಮಕ್ಕಳು ತರಗತಿಯ ಸೀಮೆಸುಣ್ಣದ ತುಂಡುಗಳನ್ನು ಕದ್ದು ತಂದು, ಒದ್ದೆ ಮಾಡಿ, ಷೂಗಳ ಮಣ್ಣಿನ ಮೇಲೆ ಬಳಿದುಕೊಂಡು ಸಾಲಿಗೆ ನಿಲ್ಲುತ್ತಿದ್ದರು. ಹೆಜ್ಜೆ ಹಾಕಿದಾಗ ಬಿಳಿಯ ಧೂಳು ಏಳುತ್ತಿತ್ತು. ಅದು ಕಂಡರೂ ಕಾಣದವರಂತೆ ನಾವು ಉಪಾಧ್ಯಾಯರು ನಡೆಯುತ್ತಿದ್ದೆವು.

ಆ ದಿನ ಒಬ್ಬ ಹುಡುಗನ ಕೊರಳಪಟ್ಟಿಯ ಕೆಳಗೆ ಹುಣಿಸೆಬೀಜದಷ್ಟು ಕಪ್ಪು ಕಲೆ ಕಂಡಿತು. ಅವನ ಮನೆಯವರು ಊರಿನ ಬಟ್ಟೆ ಒಗೆಯುವವರೆಂದು ನನಗೆ ಗೊತ್ತಿತ್ತು. ‘ಏನಯ್ಯ, ಊರಿನವರ ಬಟ್ಟೆಯನ್ನೆಲ್ಲ ಬೆಳ್ಳಗೆ ಮಾಡುವ ಮನೆಯವನು ನೀನು, ನಿನ್ನ ಅಂಗಿಯೇ ಹೀಗೆಯೆ?’ ಎಂದೆ. ಸಾಲು ನಕ್ಕಿತು. ಹುಡುಗ ತಲೆ ತಗ್ಗಿಸಲಿಲ್ಲ. ‘ಇದು ಕೊಳೆ ಅಲ್ಲ ಸಾರ್, ಗೇರಿನ ಕಪ್ಪು. ನಮ್ಮಪ್ಪ ಬಟ್ಟೆಗೆ ಗುರುತು ಹಾಕೋವಾಗ ಚೆಲ್ತು. ಎಷ್ಟು ಒಗೆದ್ರೂ ಹೋಗಲ್ಲ. ಹೋಗಬಾರದು ಅಂತಾನೇ ಅದನ್ನ ಹಾಕೋದು’ ಎಂದ. ನಾನು ಅವನನ್ನು ಸಾಲಿನಿಂದ ಹೊರಗೆ ನಿಲ್ಲಿಸಿದೆ. ಪಂಡಿತ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದ ನನಗೆ ಆ ಹುಡುಗ ಹೇಳಿದ ವಿಷಯ ತಿಳಿದಿರಲಿಲ್ಲ ಎಂಬುದೇ ಅವನ ಅಪರಾಧವಾಗಿತ್ತು. ಮುಂದೆ ಹಳೆಯ ಗ್ರಂಥಗಳಲ್ಲಿ ಒಗೆತದ ಮಾತು ಬಂದಾಗಲೆಲ್ಲ ಅವನ ಮುಖ ನೆನಪಿಗೆ ಬರತೊಡಗಿತು. ಈ ಲೇಖನ ಆ ನೆನಪಿನ ಫಲ.

ನಮ್ಮ ದೇಶದಲ್ಲಿ ಕಲೆ ತೆಗೆಯುವ ವಿದ್ಯೆ ಎಷ್ಟು ಹಳೆಯದು? ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ದ್ರವ್ಯಶುದ್ಧಿಯ ಪ್ರಕರಣವಿದೆ. ರೇಷ್ಮೆಗೂ ಉಣ್ಣೆಗೂ ಚೌಳು ಮಣ್ಣು, ಕುತಪವೆಂಬ ಕಂಬಳಿಗೆ ಅಂಟುವಾಳ, ನಯವಾದ ಪಟ್ಟೆವಸ್ತ್ರಕ್ಕೆ ಬಿಲ್ವದ ಕಾಯಿ, ನಾರುಬಟ್ಟೆಗೆ ಬಿಳಿಸಾಸಿವೆ ಎಂದು ಅಲ್ಲಿ ವಿಂಗಡಿಸಿ ಹೇಳಿದೆ. ಎಲ್ಲ ಬಟ್ಟೆಗೂ ಒಂದೇ ಮದ್ದಲ್ಲ, ನೂಲಿನ ಜಾತಿಯನ್ನು ನೋಡಿ ಮದ್ದನ್ನು ಆರಿಸಬೇಕು ಎಂಬ ತತ್ತ್ವ ಆ ಕಾಲಕ್ಕೇ ತಿಳಿದಿತ್ತೆಂದಾಯಿತು. ಇಂದಿನ ತಯಾರಕರು ಬಟ್ಟೆಯ ಒಳಗೆ ಹೊಲಿದಿಡುವ ಸಣ್ಣ ಚೀಟಿಯ ಉಪದೇಶವೂ ಇಷ್ಟೇ.

ಕೌಟಿಲ್ಯನ ಅರ್ಥಶಾಸ್ತ್ರ ಇನ್ನೂ ಮುಂದೆ ಹೋಗುತ್ತದೆ. ಈ ಗ್ರಂಥವನ್ನು ಲೋಕಕ್ಕೆ ಮರಳಿ ಕೊಟ್ಟ ಕೀರ್ತಿ ಮೈಸೂರಿನದು. ಅಲ್ಲಿಯ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ತಾಳೆಯೋಲೆಯ ಪ್ರತಿಯನ್ನು ಗುರುತಿಸಿ, ರುದ್ರಪಟ್ಟಣದ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಮಾಡಿಸಿದರು. ಅದರ ನಾಲ್ಕನೆಯ ಅಧಿಕರಣದಲ್ಲಿ ಅಗಸರ ಮೇಲಣ ಕಟ್ಟಳೆಗಳಿವೆ. ಮರದ ಹಲಗೆಯ ಮೇಲೋ ನುಣುಪಾದ ಕಲ್ಲಿನ ಮೇಲೋ ಒಗೆಯಬೇಕು; ಬೇರೆಡೆ ಒಗೆದು ಬಟ್ಟೆ ಕೆಟ್ಟರೆ ಅದರ ಬೆಲೆಯ ಜೊತೆಗೆ ಆರು ಪಣ ದಂಡ. ಮೊಗ್ಗಿನಂತಹ ಬಿಳುಪು, ಕಲ್ಲಿನ ಮೇಲೆ ಒಗೆದ ಬಿಳುಪು, ತೊಳೆದ ನೂಲಿನ ಬಿಳುಪು, ಉಜ್ಜಿ ತೆಗೆದ ಬಿಳುಪು ಎಂದು ನಾಲ್ಕು ದರ್ಜೆಗಳು; ದರ್ಜೆ ಏರಿದಂತೆ ಒಂದೊಂದು ರಾತ್ರಿ ಹೆಚ್ಚು ಗಡುವು. ತೆಳುಬಣ್ಣಕ್ಕೆ ಐದು ರಾತ್ರಿ, ನೀಲಿಗೆ ಆರು, ಹೂವು ಅರಗು ಮಂಜಿಷ್ಠಗಳಲ್ಲಿ ಅದ್ದಿದ ಉತ್ತಮ ವಸ್ತ್ರಕ್ಕೆ ಏಳು. ಬಟ್ಟೆಗೆ ಮೊದಲ ಒಗೆತದಲ್ಲಿ ಕಾಲುಭಾಗ, ಎರಡನೆಯದರಲ್ಲಿ ಐದರಲ್ಲೊಂದು ಭಾಗ ನಷ್ಟ ಎಂಬ ಲೆಕ್ಕವೂ ಇದೆ. ಕಲೆ ತೆಗೆಯುವುದೆಂದರೆ ಬಟ್ಟೆಯನ್ನು ಸ್ವಲ್ಪ ಸವೆಸುವುದೇ ಎಂಬ ಸತ್ಯವನ್ನು ರಾಜ್ಯದ ಮಂತ್ರಿಯೊಬ್ಬ ಲೆಕ್ಕಕ್ಕಿಳಿಸಿದ್ದಾನೆ. ಅಗಸರು ತಮ್ಮ ಮೈಮೇಲೆ ಹಾಕಿಕೊಳ್ಳುವ ಬಟ್ಟೆಗೆ ಕೊಡತಿಯ ಗುರುತು ಇರತಕ್ಕದ್ದು. ಆ ಗುರುತಿಲ್ಲದ್ದನ್ನು ತೊಟ್ಟರೆ ಮೂರು ಪಣ ದಂಡ. ಊರಿನವರ ಬಟ್ಟೆಯನ್ನು ಅವರು ತೊಟ್ಟಾರು ಎಂಬ ಅನುಮಾನ ಅಷ್ಟು ಹಳೆಯದು.

ಶಾಸ್ತ್ರಗಳಲ್ಲಿ ಇಷ್ಟಿದ್ದರೂ ಕೈಕೆಲಸದ ವಿದ್ಯೆ ಇದ್ದದ್ದು ಕೆರೆಯ ಅಂಚಿನಲ್ಲಿ. ಅದನ್ನು ಕೊಂಚ ವಿವರವಾಗಿ ನೋಡೋಣ. ಬೇಸಗೆಯಲ್ಲಿ ಕೆಲವು ನೆಲಗಳ ಮೇಲೆ ಬಿಳಿಯ ಹೊರೆ ಮೂಡುತ್ತದೆ. ಬೆಳೆಗೆ ಅದು ಶತ್ರು. ಬಟ್ಟೆಗೆ ಅದು ಮಿತ್ರ. ಅದೇ ಚೌಳು, ಕೆಲವೆಡೆ ಸೌಳು. ಅದರಲ್ಲಿರುವ ಮುಖ್ಯವಸ್ತು ನಾವು ಸೋಡಾ ಎನ್ನುವ ಕ್ಷಾರ. ಮೈಯ ಬೆವರು, ಎಣ್ಣೆ, ಜಿಡ್ಡುಗಳು ಬಟ್ಟೆಗೆ ಧೂಳನ್ನು ಅಂಟಿಸುವ ಗೋಂದಿನಂತೆ. ಕ್ಷಾರವು ಈ ಜಿಡ್ಡಿನೊಡನೆ ಕೂಡಿ ಅದರ ಒಂದು ಭಾಗವನ್ನು ಅಲ್ಲಿಯೇ ಸಾಬೂನಾಗಿ ಮಾರ್ಪಡಿಸುತ್ತದೆ. ಕೊಳೆಯಿಂದಲೇ ಕೊಳೆಯನ್ನು ತೊಳೆಯುವ ಉಪಾಯವೆಂದರೆ ಇದೇ.

ಚೌಳಿನ ನೀರಿನಲ್ಲಿ ಅದ್ದಿದ ಬಟ್ಟೆಗಳನ್ನು ಹಿಂಡಿ, ದೊಡ್ಡ ಹಂಡೆಯ ಮೇಲೆ ಸುತ್ತ ಸುತ್ತ ಗೋಪುರದಂತೆ ಒಟ್ಟುತ್ತಿದ್ದರು. ಕೆಳಗೆ ಉರಿ, ಹಂಡೆಯ ನೀರು ಕುದಿದು ಆವಿ ಬಟ್ಟೆಯ ಸುತ್ತುಗಳ ನಡುವೆ ಹಾಯುತ್ತಿತ್ತು. ಇದಕ್ಕೆ ‘ಉಬ್ಬೆ’ ಎಂದು ಹೆಸರು. ಬಟ್ಟೆ ನೇರವಾಗಿ ಬೆಂಕಿಯ ಕಾವಿಗೆ ಸಿಕ್ಕದೆ ಆವಿಯಲ್ಲಿ ಬೇಯುವುದರಿಂದ ನೂಲು ಸುಡುವುದಿಲ್ಲ. ಕ್ಷಾರ ಎಳೆಯ ಒಳಗೆ ಇಳಿಯುತ್ತದೆ. ಕಾವಿಗೆ ರೋಗದ ಕ್ರಿಮಿಗಳೂ ಸಾಯುತ್ತವೆ. ಬೆಳಗಾದ ಮೇಲೆ ಕಲ್ಲಿಗೆ ಬಡಿದು, ಹರಿಯುವ ನೀರಿನಲ್ಲಿ ಜಾಲಿಸಿ, ಹುಲ್ಲಿನ ಮೇಲೆ ಹರವುತ್ತಿದ್ದರು. ಬಿಸಿಲು, ಗಾಳಿ, ತೇವ ಈ ಮೂರೂ ಕೂಡಿ ಉಳಿದ ಬಣ್ಣವನ್ನು ಮೆಲ್ಲಮೆಲ್ಲನೆ ಕೀಳುತ್ತಿದ್ದುವು. ಹಳದಿಗೆ ತಿರುಗಿದ ಬಿಳುಪಿಗೆ ತುಸು ನೀಲಿ. ಹಳದಿಯ ಮುಂದೆ ನೀಲಿ ನಿಂತಾಗ ಕಣ್ಣಿಗೆ ಬಿಳಿಯೇ ಕಾಣುತ್ತದೆ. ಕೊನೆಗೆ ಅನ್ನದ ಗಂಜಿ, ಮತ್ತು ಇಸ್ತ್ರಿ. ರೇಷ್ಮೆಗೂ ಒಡವೆಗೂ ಅಂಟುವಾಳದ ನೊರೆ. ಕ್ಷಾರವಿಲ್ಲದ ಆ ನೊರೆ ರೇಷ್ಮೆಯ ಹೊಳಪನ್ನು ಕೆಡಿಸುವುದಿಲ್ಲ. ಇವನ್ನೆಲ್ಲ ಯಾವ ಪುಸ್ತಕದಿಂದಲೂ ಅವರು ಕಲಿತದ್ದಲ್ಲ. ತಾಯಿಯ ಕೈ ನೋಡಿ ಮಗಳು, ತಂದೆಯ ಕೈ ನೋಡಿ ಮಗ.

ಇನ್ನು ಆ ಹುಡುಗ ಹೇಳಿದ ಗೇರಿನ ಕಪ್ಪು. ಇದು ಗೋಡಂಬಿಯ ಗೇರಲ್ಲ. ಕಾಡಿನ ಕರಿಗೇರು, ಸಂಸ್ಕೃತದ ಭಲ್ಲಾತಕ. ಅದರ ಕಾಯಿಯ ಸಿಪ್ಪೆಯೊಳಗಿನ ಎಣ್ಣೆ ಗಾಳಿಗೆ ಸೋಕಿದಂತೆ ಕಪ್ಪಾಗುತ್ತದೆ. ಸುಣ್ಣ ಕೂಡಿದರೆ ಆ ಕಪ್ಪು ನೂಲಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಸೂಜಿಯಂಥ ಕಡ್ಡಿಯಲ್ಲಿ ಈ ರಸವನ್ನು ಮುಟ್ಟಿಸಿ, ಬಟ್ಟೆಯ ಅಂಚಿನಲ್ಲಿ ಚುಕ್ಕೆ, ಗೆರೆ, ಸೊನ್ನೆಗಳ ಗುರುತು ಹಾಕುತ್ತಿದ್ದರು. ಯಾವ ಗುರುತು ಯಾವ ಮನೆಯದೆಂಬುದು ಅವರ ನೆನಪಿನಲ್ಲಿ ಅಚ್ಚೊತ್ತಿರುತ್ತಿತ್ತು. ಅಕ್ಷರ ಕಲಿಯುವ ಅವಕಾಶ ಸಿಗದವರು ಕಟ್ಟಿಕೊಂಡ ಲಿಪಿ ಅದು. ಊರಿನ ಕಲೆಗಳನ್ನೆಲ್ಲ ತೆಗೆಯುವವರ ಕೈಯಲ್ಲೇ ಯಾರೂ ತೆಗೆಯಲಾಗದ ಕಲೆಯೊಂದು ಇತ್ತು. ನಾನು ಶಿಕ್ಷಿಸಿದ್ದು ಆ ಲಿಪಿಯ ಒಂದು ಚುಕ್ಕೆಯನ್ನು.

ಇಷ್ಟು ವಿದ್ಯೆಯಿದ್ದವರಿಗೆ ಸಮಾಜ ಕೊಟ್ಟ ಸ್ಥಾನವೇನು? ‘ಮಡಿ’ ಎಂದರೆ ಒಗೆದ ಬಟ್ಟೆ. ಅದನ್ನು ಮಾಡಿಕೊಡುವವನು ಮಡಿವಾಳ. ಹಳೆಯ ಕನ್ನಡದಲ್ಲಿ ‘ಅಸಗ’ ಎಂದಿದ್ದ ಮಾತು ಅಕ್ಷರಪಲ್ಲಟವಾಗಿ ‘ಅಗಸ’ ಆಯಿತು. ಹಳ್ಳಿಯ ಹನ್ನೆರಡು ಆಯಗಾರರಲ್ಲಿ ಅಗಸನೂ ಒಬ್ಬ. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಆಯದ ಕಾಳು ಸಲ್ಲುತ್ತಿತ್ತು. ದೇವರ ಉತ್ಸವದಲ್ಲಿ ಪಂಜು ಹಿಡಿಯಲು, ನಡೆಮಡಿ ಹಾಸಲು ಅವನೇ ಬೇಕು. ಹೆರಿಗೆಯ ಬಟ್ಟೆ, ಸಾವಿನ ಬಟ್ಟೆ, ಮೈನೆರೆದ ಹುಡುಗಿಯ ಬಟ್ಟೆ ಅವನ ಮನೆಯವರ ಕೈಯನ್ನೇ ಸೇರಬೇಕು. ಊರಿನ ಮೈಲಿಗೆಯೆಲ್ಲ ಅವನ ಗಂಟಿಗೆ. ಆದರೆ ಅವನು ತಂದುಕೊಟ್ಟ ಮಡಿಯನ್ನು ಮತ್ತೆ ನೀರಿಗೆ ಅದ್ದಿ ತೆಗೆದ ಮೇಲೆಯೇ ಉಡುವ ಮನೆಗಳಿದ್ದುವು. ಮಡಿ ಮಾಡಿದ ಕೈಯೇ ಮಡಿಗೆ ಅಡ್ಡಿ! ಬಟ್ಟೆ ಒಗೆಯುವ ವಸ್ತುಗಳನ್ನು ಅಷ್ಟು ಜಾಣತನದಿಂದ ವಿಂಗಡಿಸಿದ ಅದೇ ಮನುಸ್ಮೃತಿ ತನ್ನ ನಾಲ್ಕನೆಯ ಅಧ್ಯಾಯದಲ್ಲಿ, ಯಾರ ಅನ್ನವನ್ನು ಉಣ್ಣಬಾರದು ಎಂಬ ಪಟ್ಟಿಯೊಳಗೆ ಬಟ್ಟೆ ಒಗೆಯುವವನನ್ನು ಸೇರಿಸಿದೆ. ವಿದ್ಯೆಯನ್ನು ತೆಗೆದುಕೊಂಡು ವಿದ್ಯಾವಂತನನ್ನು ಹೊರಗೆ ನಿಲ್ಲಿಸುವುದು ನಮ್ಮಲ್ಲಿ ಹೊಸ ಸಂಗತಿಯಲ್ಲ. ಕವಾಯತಿನ ಸಾಲಿನಲ್ಲಿ ನಾನು ಮಾಡಿದ್ದೂ ಅದನ್ನೇ ಅಲ್ಲವೆ?

ಈ ಕಟ್ಟನ್ನು ನಮ್ಮ ನಾಡಿನಲ್ಲಿ ಒಬ್ಬರು ಎದೆಗೊಟ್ಟು ಪ್ರಶ್ನಿಸಿದರು. ಹನ್ನೆರಡನೆಯ ಶತಮಾನದಲ್ಲಿ ಈಗಿನ ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯಿಂದ ಕಲ್ಯಾಣಕ್ಕೆ ಬಂದ ಮಡಿವಾಳ ಮಾಚಿದೇವರು ಬಸವಣ್ಣನವರ ಸಮಕಾಲೀನರು. ಶರಣರ ಬಟ್ಟೆಯನ್ನು ಮಾತ್ರ ಒಗೆಯುತ್ತೇನೆಂಬುದು ಅವರ ವ್ರತ. ಯಾರ ಬಟ್ಟೆ ಒಗೆಯಬೇಕೆಂಬುದನ್ನು ಒಗೆಯುವವನೇ ನಿರ್ಧರಿಸುತ್ತಾನೆ ಎಂಬ ಈ ಮಾತು ಆ ಕಾಲಕ್ಕೆ ಎಂಥ ಧೈರ್ಯದ್ದು ಎಂಬುದನ್ನು ಓದುಗರು ಊಹಿಸಬಹುದು. ಕಲಿದೇವರ ಅಂಕಿತದಲ್ಲಿ ಅವರು ವಚನಗಳನ್ನು ರಚಿಸಿದರು. ಕಾಯಕದ ಗಂಟು ಹೊತ್ತವನು ಅನುಭವಿಗಳ ಸಭೆಯಲ್ಲಿ ನಿಷ್ಠುರವಾಗಿ ಮಾತನಾಡಬಲ್ಲ ಎಂಬುದನ್ನು ತೋರಿಸಿದರು. ಇಂದು ಫೆಬ್ರವರಿ ೧ರಂದು ಅವರ ಜಯಂತಿ ನಡೆಯುತ್ತದೆ. ಭಾವಚಿತ್ರಕ್ಕೆ ಹಾರ ಹಾಕುವ ಕೈಗಳು ಆ ವ್ರತದ ಅರ್ಥವನ್ನೂ ನೆನೆದರೆ ಒಳ್ಳೆಯದು.

ಇನ್ನು ಪಶ್ಚಿಮದ ಕಡೆ ತಿರುಗೋಣ. ಅಲ್ಲಿಯೂ ಬಹುಕಾಲ ಬೂದಿಯ ನೀರು, ಬಿಸಿಲು, ಹುಲ್ಲುಗಾವಲುಗಳೇ ಗತಿ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮೂರು ಸಂಗತಿಗಳು ಒಂದರ ಹಿಂದೆ ಒಂದು ನಡೆದುವು. ಸ್ವೀಡನ್ನಿನ ಷೀಲೆ ೧೭೭೪ರಲ್ಲಿ ಕ್ಲೋರಿನ್ ಅನಿಲವನ್ನು ತಯಾರಿಸಿದ. ಅದು ಬಣ್ಣವನ್ನು ಕೀಳುತ್ತದೆಂಬುದನ್ನು ಫ್ರಾನ್ಸಿನ ಬೆರ್ತೊಲೆ ೧೭೮೫ರಲ್ಲಿ ಬಟ್ಟೆಯ ಬಿಳುಪಿಗೆ ಹೊಂದಿಸಿ ತೋರಿಸಿದ. ೧೭೯೯ರಲ್ಲಿ ಸ್ಕಾಟ್ಲೆಂಡಿನ ಟೆನಂಟ್ ಎಂಬವನು ಆ ಅನಿಲವನ್ನು ಸುಣ್ಣದಲ್ಲಿ ಹಿಡಿದಿಟ್ಟು ಚೆಲುವೆಪುಡಿ ಮಾಡಿದ. ನಾವು ಬ್ಲೀಚಿಂಗ್ ಪೌಡರ್ ಎನ್ನುವುದು ಇದನ್ನೇ. ವಾರಗಟ್ಟಲೆ ಬಿಸಿಲು ಮಾಡುತ್ತಿದ್ದ ಕೆಲಸ ಗಳಿಗೆಗಳಿಗೆ ಇಳಿಯಿತು. ಇದರ ನಡುವೆ, ೧೭೯೧ರಲ್ಲಿ, ಲೆಬ್ಲಾಂಕ್ ಎಂಬ ಫ್ರೆಂಚ್ ವೈದ್ಯ ಉಪ್ಪಿನಿಂದ ಸೋಡಾ ತಯಾರಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದ. ನೆಲದ ಮೇಲೆ ಹೊರೆಯಾಗಿ ಮೂಡುತ್ತಿದ್ದ ಕ್ಷಾರ ಇನ್ನು ಕಾರ್ಖಾನೆಯಲ್ಲಿ ರಾಶಿ ರಾಶಿಯಾಗಿ ಬೆಳೆಯಿತು. ಸಾಬೂನೆಂದರೆ ಕೊಬ್ಬಿನ ಆಮ್ಲವೂ ಕ್ಷಾರವೂ ಕೂಡಿದ ಲವಣವೆಂಬ ರಹಸ್ಯವನ್ನು ಷೆವ್ರೆಲ್ ತನ್ನ ೧೮೨೩ರ ಗ್ರಂಥದಲ್ಲಿ ಬಿಡಿಸಿಟ್ಟ.

ಸಾಬೂನು ಎಂಬ ಮಾತು ಅರಬ್ಬಿಯ ‘ಸಾಬೂನ್’. ಅದರ ಹಿಂದೆ ಲ್ಯಾಟಿನ್ನಿನ ‘ಸಾಪೋ’. ಮಾತು ನಮ್ಮಲ್ಲಿಗೆ ಬೇಗ ಬಂದರೂ ವಸ್ತು ಮನೆಮನೆಗೆ ಬಂದದ್ದು ನಿಧಾನವಾಗಿ. ೧೮೮೮ರಲ್ಲಿ ಕಲ್ಕತ್ತೆಯ ಬಂದರಿನಲ್ಲಿ ಇಂಗ್ಲೆಂಡಿನ ಲೀವರ್ ಸಹೋದರರ ಸನ್‌ಲೈಟ್ ಸಾಬೂನಿನ ಪೆಟ್ಟಿಗೆಗಳು ಇಳಿದುವು. ನಮ್ಮ ಮೈಸೂರು ಸಂಸ್ಥಾನದ ಕಥೆ ಬೇರೆ. ಒಂದನೆಯ ಮಹಾಯುದ್ಧದಲ್ಲಿ ಯೂರೋಪಿಗೆ ಶ್ರೀಗಂಧದ ಕೊರಡು ಹೋಗುವುದು ನಿಂತಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ೧೯೧೬ರಲ್ಲಿ ಗಂಧದ ಎಣ್ಣೆಯನ್ನು ನಾಡಿನಲ್ಲೇ ತೆಗೆಯತೊಡಗಿದರು. ಸೋಸಲೆಯ ಎಸ್. ಜಿ. ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಸಾಬೂನಿನ ವಿದ್ಯೆ ಕಲಿತು ಬಂದರು. ಮೈಸೂರು ಸ್ಯಾಂಡಲ್ ಸೋಪು ಹುಟ್ಟಿದ್ದು ಹೀಗೆ. ಅದು ಮೈಗೆ ಹಚ್ಚುವುದು, ಬಟ್ಟೆಗಲ್ಲ. ಆದರೆ ಸಾಬೂನನ್ನು ನಾವೇ ಮಾಡಬಲ್ಲೆವೆಂಬ ನಂಬಿಕೆ ನಾಡಿಗೆ ಬಂದದ್ದು ಅದರಿಂದ. ಆ ಸರಕಾರಿ ಕಾರ್ಖಾನೆ ೧೯೮೦ರಲ್ಲಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಎಂಬ ಕಂಪನಿಯಾಯಿತು. ಹೆಸರಿನಲ್ಲಿಯೇ ಸೋಪಿನ ಪಕ್ಕಕ್ಕೆ ಡಿಟರ್ಜೆಂಟ್ ಬಂದು ಕುಳಿತಿತು; ಕಾಲ ಬದಲಾದ ಕುರುಹು ಅದು.

ಬದಲಾವಣೆಗೆ ಕಾರಣ ನಮ್ಮ ನೀರು. ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಸಾಬೂನಿನೊಡನೆ ಸೇರಿ ಜಿಗುಟಾದ ಕೆನೆಯಾಗುತ್ತದೆ. ನೊರೆ ಬರುವುದಿಲ್ಲ, ಬಟ್ಟೆ ಬೂದಿಬಣ್ಣಕ್ಕೆ ತಿರುಗುತ್ತದೆ. ಕೊಳವೆ ಬಾವಿಯ ನೀರನ್ನು ನೆಚ್ಚಿದ ಊರುಗಳ ಗೃಹಿಣಿಯರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ರಾಸಾಯನಿಕ ಡಿಟರ್ಜೆಂಟಿಗೆ ಆ ತೊಂದರೆ ಬಲು ಕಡಮೆ. ಅಮೆರಿಕದಲ್ಲಿ ೧೯೪೬ರಲ್ಲಿ ಟೈಡ್, ನಮ್ಮ ದೇಶದಲ್ಲಿ ೧೯೫೯ರಲ್ಲಿ ಸರ್ಫ್ ಅಂಗಡಿಗೆ ಬಂದುವು. ೧೯೬೯ರಲ್ಲಿ ಗುಜರಾತಿನ ಕರ್ಸನ್‌ಭಾಯಿ ಪಟೇಲರು ತಮ್ಮ ಮನೆಯ ಹಿತ್ತಿಲಿನಲ್ಲಿ ಪುಡಿ ಬೆರಸಿ, ಸೈಕಲ್ಲಿನ ಮೇಲೆ ಮಾರಿ, ನಿರ್ಮಾ ಎಂಬ ಹೆಸರಿನಲ್ಲಿ ಅದನ್ನು ಬಡವರ ಬಚ್ಚಲಿಗೂ ತಲಪಿಸಿದರು. ರಕ್ತ, ಹಾಲುಗಳ ಕಲೆಯನ್ನು ನಮ್ಮ ಹೊಟ್ಟೆ ಅನ್ನವನ್ನು ಜೀರ್ಣಿಸುವಂತೆಯೇ ಜೀರ್ಣಿಸುವ ಕಿಣ್ವಗಳನ್ನು ಪುಡಿಯಲ್ಲಿ ಬೆರಸುವ ಉಪಾಯವನ್ನು ಜರ್ಮನಿಯ ಓಟೋ ರ್‍ಯೋಮ್ ೧೯೧೩ರಲ್ಲಿಯೇ ಕಂಡಿದ್ದ; ಅದು ಲೋಕದಲ್ಲಿ ಬಳಕೆಗೆ ಬರಲು ಅರ್ಧ ಶತಮಾನ ಹಿಡಿಯಿತು.

ಹೀಗೆ ಒಗೆತ ಕೆರೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಯಂತ್ರಕ್ಕೆ ಬಂದಿತು. ಆದರೆ ತೆಗೆದ ಕಲೆ ಎಲ್ಲಿಗೆ ಹೋಯಿತು? ಬೆಂಗಳೂರಿನ ಬೆಳ್ಳಂದೂರು ಕೆರೆ ೨೦೧೫ರ ಸುಮಾರಿಗೆ ನೊರೆಯುಕ್ಕಿ ರಸ್ತೆಗೆ ಬಂದದ್ದನ್ನು ನಾವೆಲ್ಲ ಕಂಡೆವು. ಶುದ್ಧಿ ಮಾಡದೆ ಬಿಟ್ಟ ಚರಂಡಿಯ ನೀರು, ಅದರೊಳಗೆ ಮನೆಮನೆಯ ಸೋಪಿನ ಪುಡಿ. ಹಿಂದೆ ಮಡಿವಾಳರು ಬಟ್ಟೆ ಒಗೆಯುತ್ತಿದ್ದ ಕೆರೆಗಳಲ್ಲಿ ಇಂದು ಕೈ ಅದ್ದುವಂತಿಲ್ಲ. ಅಂಗಿಯ ಕಲೆ ನೀರಿಗೆ ವರ್ಗವಾಯಿತು, ಅಷ್ಟೆ.

ಮತ್ತೊಂದು ನೆನಪು. ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿ ಬ್ಯಾರಿಸ್ಟರಾಗಿದ್ದಾಗ ದೋಬಿಯ ಖರ್ಚು ಹೆಚ್ಚಾಯಿತೆಂದು ತಾವೇ ಒಗೆಯಲು ಹೊರಟರು. ಒಗೆತದ ಮೇಲಿನ ಪುಸ್ತಕವನ್ನು ಕೊಂಡು ಓದಿದರು. ಮೊದಲ ದಿನ ಕೊರಳಪಟ್ಟಿಗೆ ಗಂಜಿ ಹೆಚ್ಚಾಯಿತು. ಸುಟ್ಟೀತೆಂಬ ಭಯದಿಂದ ಇಸ್ತ್ರಿಯನ್ನು ಒತ್ತಲಿಲ್ಲ. ನ್ಯಾಯಾಲಯದಲ್ಲಿ ಗಂಜಿ ಉದುರುತ್ತಿರಲು ಇತರ ವಕೀಲರು ನಕ್ಕರು. ಅವರಿಗೆ ನಗಲು ಒಂದು ವಿಷಯ ಸಿಕ್ಕಿತಲ್ಲ ಎಂದು ಗಾಂಧೀಜಿಯೂ ಸಂತೋಷಪಟ್ಟರು. ಮುಂದೆ ೧೯೧೨ರಲ್ಲಿ ಗೋಖಲೆಯವರು ಅಲ್ಲಿಗೆ ಬಂದಾಗ, ರಾನಡೆಯವರು ಕೊಟ್ಟಿದ್ದ ಅಂಗವಸ್ತ್ರವೊಂದು ಮುದುಡಿತ್ತು. ಅದನ್ನು ಇಸ್ತ್ರಿಗೆ ಕೊಡಲು ಗೋಖಲೆ ಹಿಂಜರಿದರು; ಗಾಂಧೀಜಿ ಬಿಡದೆ ಇಸ್ತ್ರಿಮಾಡಿ ಮೆಚ್ಚುಗೆ ಪಡೆದರು. ಈ ಪ್ರಸಂಗವನ್ನು ತಮ್ಮ ಆತ್ಮಕಥೆಯಲ್ಲಿ ಅವರು ಎಷ್ಟು ಹೆಮ್ಮೆಯಿಂದ ಬರೆದಿದ್ದಾರೆಂದರೆ, ಮಡಿವಾಳನ ಕೆಲಸವನ್ನು ಕಲಿಯುವುದು ಕಾನೂನು ಕಲಿತದ್ದಕ್ಕಿಂತ ಕಡಮೆಯಲ್ಲವೆಂಬುದು ಓದುವವರಿಗೆ ತಾನಾಗಿ ತಿಳಿಯುತ್ತದೆ.

ಇತಿಹಾಸ ಹೇಳಿ ಉಪಾಯ ಹೇಳದಿದ್ದರೆ ತಾಯಂದಿರು ಮನ್ನಿಸಲಾರರು. ಈ ಪರಂಪರೆಯಿಂದಲೂ ಇಂದಿನ ರಸಾಯನಶಾಸ್ತ್ರದಿಂದಲೂ ನಿಲ್ಲುವ ಕೆಲವು ಮಾತುಗಳನ್ನು ಇಲ್ಲಿ ಕೂಡಿಸುತ್ತೇನೆ. ರಕ್ತ, ಹಾಲು, ಮೊಟ್ಟೆಗಳ ಕಲೆಗೆ ಮೊದಲು ತಣ್ಣೀರು. ಬಿಸಿನೀರು ಹಾಕಿದರೆ ಅದು ಬೆಂದು ನೂಲಿಗೆ ಕಚ್ಚಿಕೊಳ್ಳುತ್ತದೆ. ಈ ಒಂದು ಮಾತನ್ನು ಬೆಳೆದ ಹೆಣ್ಣುಮಕ್ಕಳಿಗೆ ನಾಚಿಕೆಯಿಲ್ಲದೆ ತಿಳಿಸಬೇಕು. ಬಟ್ಟೆಯ ಕಲೆಗೆ ಹೆದರಿ ಶಾಲೆ ತಪ್ಪಿಸುವ ಹುಡುಗಿಯರನ್ನು ನಾನು ಬಲ್ಲೆ. ಎಣ್ಣೆಯ ಕಲೆಗೆ ಕಡಲೆಹಿಟ್ಟು ಉದುರಿಸಿ ಜಿಡ್ಡು ಹೀರಿದ ಮೇಲೆ ಬೆಚ್ಚನೆಯ ನೀರು, ಸಾಬೂನು. ಅರಿಸಿನದ ಕಲೆ ಸಾಬೂನಿಗೆ ಕೆಂಪಾದರೆ ಗಾಬರಿ ಬೇಡ. ಅದು ಕ್ಷಾರದ ಗುಣ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹರವಿದರೆ ಬಿಸಿಲೇ ಅದನ್ನು ತಿನ್ನುತ್ತದೆ. ತುಕ್ಕಿಗೆ ನಿಂಬೆಯ ರಸ ಮತ್ತು ಉಪ್ಪು. ಚಹ, ಕಾಫಿ, ಅಡಿಕೆಯ ಚೊಗರು, ಬಾಳೆಯ ಸೊನೆ ಇವುಗಳ ಒಗರು ಗಾಳಿಗೆ ಕಪ್ಪಾಗುವುದರಿಂದ ಹಸಿಯಿರುವಾಗಲೇ ನೀರಿಗೆ ಹಾಕಬೇಕು. ಇವನ್ನು ಕಬ್ಬಿಣದ ಬಕೇಟಿನಲ್ಲಿ ಮಾತ್ರ ನೆನೆಸಬಾರದು. ಒಗರೂ ಕಬ್ಬಿಣವೂ ಕೂಡಿದರೆ ಕಪ್ಪು ಶಾಯಿಯೇ ಆಗುತ್ತದೆ. ಅಳಲೆಕಾಯಿಗೆ ಅನ್ನಭೇದಿ ಬೆರಸಿ ನಮ್ಮ ಅಜ್ಜಂದಿರು ಬರೆಯುವ ಮಸಿ ಮಾಡುತ್ತಿದ್ದುದು ಇದೇ ತತ್ತ್ವದಿಂದ. ಚೆಲುವೆಪುಡಿಯನ್ನು ರೇಷ್ಮೆ, ಉಣ್ಣೆಗಳಿಗೆ ಮುಟ್ಟಿಸಬಾರದು. ಅದರೊಡನೆ ನಿಂಬೆ, ಹುಳಿ, ಕಕ್ಕಸು ತೊಳೆಯುವ ಆಮ್ಲ ಯಾವುದನ್ನೂ ಬೆರಸಲೇಬಾರದು. ಏಳುವ ವಿಷಾನಿಲ ಪ್ರಾಣಕ್ಕೆ ಅಪಾಯ.

ಮಕ್ಕಳ ಷೂಗಳಿಗೆ ಹಸಿಮಣ್ಣು ಹತ್ತಿದರೆ ಆಗಲೇ ಉಜ್ಜಬಾರದು. ಉಜ್ಜಿದಷ್ಟೂ ಕೆಮ್ಮಣ್ಣು ನೇಯ್ಗೆಯೊಳಕ್ಕೆ ಇಳಿಯುತ್ತದೆ. ಒಣಗಲು ಬಿಟ್ಟು, ಕೊಡವಿ, ಒಣಬ್ರಷ್ಷಿನಲ್ಲಿ ಉದುರಿಸಿ, ಆಮೇಲೆ ಲೇಸುಗಳನ್ನು ಬಿಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸಾಬೂನು ತಾಗಿಸಿ ತಿಕ್ಕಬೇಕು. ಬಿಳಿ ಕ್ಯಾನ್ವಾಸ್ ಒಣಗಿದ ಮೇಲೆ ಹಳದಿಯಾಗುವುದು ಬಹುಪಾಲು ಒಳಗುಳಿದ ಸಾಬೂನಿನಿಂದ. ಎರಡು ನೀರು ಹೆಚ್ಚಾಗಿ ಜಾಲಿಸಿ, ಒಳಗೆ ಹಳೆಯ ಕಾಗದ ತುರುಕಿ, ನೆರಳಿನಲ್ಲಿ ಒಣಗಿಸಿದರೆ ಸಾಕು. ಒಲೆಯ ಮುಂದೆ ಇಟ್ಟರೆ ಅಟ್ಟೆಯ ಅಂಟು ಬಿಡುತ್ತದೆ. ನಮ್ಮ ರಾಜ್ಯದಲ್ಲಿ ೨೦೧೫-೧೬ರಲ್ಲಿ ಆರಂಭವಾದ ಯೋಜನೆಯಿಂದ ಸರಕಾರಿ ಶಾಲೆಯ ಮಕ್ಕಳಿಗೆ ಒಂದು ಜೊತೆ ಕಪ್ಪು ಷೂ, ಎರಡು ಜೊತೆ ಬಿಳಿಯ ಕಾಲುಚೀಲ ಬಂದುವು. ಬರಿಗಾಲಿನಲ್ಲಿ ಬರುತ್ತಿದ್ದ ಮಗುವಿಗೆ ಅದೊಂದು ಸಂಭ್ರಮ. ಆದರೆ ಇರುವುದು ಒಂದೇ ಜೊತೆ. ಮಳೆಗಾಲದಲ್ಲಿ ಸಂಜೆ ನೆನೆದದ್ದು ಬೆಳಗ್ಗೆ ಒಣಗುವುದಿಲ್ಲ. ಅಂಥ ಮಗುವನ್ನು ಸಾಲಿನಲ್ಲಿ ಗದರಿಸುವ ಮುನ್ನ ಉಪಾಧ್ಯಾಯರು ಹಿಂದಿನ ರಾತ್ರಿಯ ಮಳೆಯನ್ನು ನೆನೆಯಬೇಕು.

ಆ ಹುಡುಗನ ಮಾತಿಗೆ ಮರಳಿ ಬಂದು ಮುಗಿಸುತ್ತೇನೆ. ಸೋಮವಾರ ಅವನು ಅದೇ ಅಂಗಿಯನ್ನು ತೊಟ್ಟು ಬಂದ. ಕಲೆಯ ಮೇಲೆ ಬಿಳಿಯ ದಾರದಲ್ಲಿ ಒಂದು ಸಣ್ಣ ಹೂವನ್ನು ಹೊಲಿದಿತ್ತು. ಯಾರು ಹೊಲಿದರೆಂದು ನಾನು ಕೇಳಲಿಲ್ಲ. ತಪ್ಪಾಯಿತೆಂದು ಹೇಳುವ ಮನಸ್ಸಾಯಿತು. ಉಪಾಧ್ಯಾಯನ ಬಾಯಿಗೆ ಆ ಮಾತು ಸುಲಭವಾಗಿ ಬಾರದು. ಅಂದು ಬಾರಲೂ ಇಲ್ಲ. ಬದಲಿಗೆ ‘ಗೇರಿನ ಗುರುತು ಹಾಕುವುದು ಹೇಗೆ, ತರಗತಿಗೆ ಹೇಳಯ್ಯ’ ಎಂದೆ. ಅವನು ಹಲಗೆಯ ಮುಂದೆ ಬಂದು, ಸೀಮೆಸುಣ್ಣ ಹಿಡಿದು, ಚುಕ್ಕೆ ಗೆರೆಗಳಲ್ಲಿ ಊರಿನ ಹತ್ತಾರು ಮನೆಗಳನ್ನು ಬರೆದು ತೋರಿಸಿದ. ಆ ಮನೆಗಳ ಮಕ್ಕಳು ಅಲ್ಲಿಯೇ ಕುಳಿತಿದ್ದರು. ತಮ್ಮ ಗುರುತು ಯಾವುದೆಂದು ಅವರಿಗೆ ಅಂದೇ ಮೊದಲು ತಿಳಿದದ್ದು. ನಮ್ಮ ಮನೆಯದನ್ನೂ ಬರೆದ: ಎರಡು ಗೆರೆ, ಅದರ ಕೆಳಗೆ ಒಂದು ಚುಕ್ಕೆ. ಮನೆಗೆ ಹೋಗಿ ನನ್ನ ಪಂಚೆಯ ಅಂಚನ್ನು ತಿರುಗಿಸಿ ನೋಡಿದೆ. ಎರಡು ಗೆರೆ, ಒಂದು ಚುಕ್ಕೆ. ಅಷ್ಟು ದಿನ ಉಟ್ಟಿದ್ದೆ, ಓದಿರಲಿಲ್ಲ.